ರಾಕೆಟ್ ಬಗ್ಗೆ ಕೇಳುತ್ತೀರಿ, ಗಟ್ ಬಗ್ಗೆ ಯಾರೂ ಕೇಳುವುದಿಲ್ಲ

ವಯಸ್ಸು 38. ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಟೆನಿಸ್ ಆಡುತ್ತೇನೆ. ಟಿವಿಯಲ್ಲಿ ಚಾಂಪಿಯನ್ ಹಿಡಿಯುವ ಮಾಡೆಲ್ಲನ್ನೇ ತಂದೆ. ಎರಡು ತಿಂಗಳಿಗೇ ಮೊಣಕೈ ನೋವು. ಯಾವ ಕಂಪನಿಯ ರಾಕೆಟ್ ಕೊಳ್ಳಲಿ? (ಬಳ್ಳಾರಿ)

ಈ ಪ್ರಶ್ನೆ ಬಾರದ ತಿಂಗಳಿಲ್ಲ. ಚಾಂಪಿಯನ್ ಕೈಯಲ್ಲಿರುವುದು ಎಷ್ಟೋ ಸಲ ಹಳೆಯ ಅಚ್ಚಿನ ರಾಕೆಟ್. ಮೇಲಿನ ಬಣ್ಣ ಮಾತ್ರ ಹೊಸ ಮಾಡೆಲ್ಲಿನದು. ಕಂಪನಿ ಬದಲಿಸಿದರೆ ನೋವು ಹೋಗದು. ಮೊದಲು ಗಟ್, ಅಂದರೆ ರಾಕೆಟ್ಟಿಗೆ ಹೆಣೆದ ದಾರ, ಬದಲಿಸಿ.

ನಿಮ್ಮದು ಪಾಲಿಯೆಸ್ಟರ್ ಗಟ್ ಇರಬೇಕು. ಗಡುಸು ಗಟ್ ಅದು. ಕೆಲವು ಗಂಟೆಗಳ ಆಟಕ್ಕೇ ಬಿಗಿ ಕಳೆದುಕೊಳ್ಳುತ್ತದೆ, ಆದರೆ ಬೇಗ ಹರಿಯುವುದಿಲ್ಲ. ಹರಿದಿಲ್ಲವಲ್ಲ ಎಂದು ನೀವು ವರ್ಷಗಟ್ಟಲೆ ಅದರಲ್ಲೇ ಆಡುತ್ತೀರಿ, ಪೆಟ್ಟೆಲ್ಲ ಮೊಣಕೈಗೆ. ಅದನ್ನು ತೆಗೆಸಿ 1.30 ಮಿ.ಮೀ. ಮಲ್ಟಿಫಿಲಮೆಂಟ್ (ಸಣ್ಣ ಎಳೆಗಳನ್ನು ಹೊಸೆದ ಮೆತ್ತನೆಯ ಗಟ್) ಹಾಕಿಸಿ. ಬಿಗಿ 50 ಪೌಂಡ್ ಸಾಕು. ರಾಕೆಟ್ ಮೇಲೆ ಬರೆದಿರುವ ಮಿತಿಯ ಕೆಳತುದಿ ನೋಡಿಕೊಳ್ಳಿ. ಹಳೆಯ ಗಟ್ ಕತ್ತರಿಸುವಾಗ ನಡುವಿನಿಂದ ಅಂಚಿನ ಕಡೆಗೆ, ಉದ್ದ ಅಡ್ಡ ಎರಡನ್ನೂ ಸಮವಾಗಿ ಕತ್ತರಿಸಬೇಕು. ಒಂದೇ ಕಡೆ ಕತ್ತರಿಸಿದರೆ ಫ್ರೇಮ್ ಸೊಟ್ಟಗಾಗುತ್ತದೆ. ವಾರಕ್ಕೆ ನಾಲ್ಕು ದಿನ ಆಡುವವರು ವರ್ಷಕ್ಕೆ ನಾಲ್ಕು ಸಲವಾದರೂ ಗಟ್ ಬದಲಿಸಿ. ಏಪ್ರಿಲ್ ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ರಾಕೆಟ್ ಬಿಟ್ಟರೆ ಹೊಸ ಗಟ್ಟೂ ಸಡಿಲ. ನಮ್ಮೂರಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ, ಆದರೂ ಬಿಡುತ್ತಾರೆ.

ಆಮೇಲೂ ಹೊಸ ರಾಕೆಟ್ ಬೇಕೆಂದರೆ: ಗಟ್ ಇಲ್ಲದೆ 285ರಿಂದ 300 ಗ್ರಾಂ, ತಲೆ 100 ಚದರ ಇಂಚು, ಗಡಸುತನದ ಆರ್‌ಎ ಅಂಕಿ 65ರೊಳಗೆ. ಹಗುರವಿದ್ದರೆ ಕೈಗೆ ಸುಖ ಎಂಬುದು ಅಂಗಡಿಯವರ ಮಾತು. 250 ಗ್ರಾಂ ರಾಕೆಟ್ ಚೆಂಡಿನ ಪೆಟ್ಟಿಗೆ ತಾನೇ ಅದುರುತ್ತದೆ, ಆ ಅದುರು ತಾಳಿಕೊಳ್ಳುವುದು ನಿಮ್ಮ ಕೈ. ಹಿಡಿ ಹಿಡಿದಾಗ ಬೆರಳತುದಿಗೂ ಹೆಬ್ಬೆರಳ ಬುಡದ ದಿಂಡಿಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಕೂರಬೇಕು. ಎರಡು ಅಳತೆಗಳ ನಡುವೆ ಅನುಮಾನವಿದ್ದರೆ ಚಿಕ್ಕದನ್ನೇ ತನ್ನಿ: ಓವರ್‌ಗ್ರಿಪ್ ಪಟ್ಟಿ ಸುತ್ತಿ ದಪ್ಪ ಮಾಡಬಹುದು, ದಪ್ಪ ಹಿಡಿಯನ್ನು ಕೆತ್ತಲಾಗದು.

ಗಟ್ ನಡುವೆ ಸಿಕ್ಕಿಸುವ ರಬ್ಬರ್ ಡ್ಯಾಂಪರ್ ಸದ್ದು ಅಡಗಿಸುತ್ತದೆ, ನೋವನ್ನಲ್ಲ. ತಾಮ್ರದ ಬಳೆಯದೂ ಅದೇ ಕಥೆ. "ನರ ಬಿದ್ದಿದೆ" ಎಂದು ಮೊಣಕೈ ಎಳೆದು ತಿರುಚುವವರ ಹತ್ತಿರ ದಯವಿಟ್ಟು ಹೋಗಬೇಡಿ. ಇದು ಸ್ನಾಯುರಜ್ಜಿನ ತೊಂದರೆ. ಮೂರು ವಾರ ಆಟ ನಿಲ್ಲಿಸಿಯೂ ನೋವು ಇಳಿಯದಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ.

ಮಗನಿಗೆ 8 ವರ್ಷ. ದೊಡ್ಡವರ 27 ಇಂಚಿನದನ್ನೇ ತಂದರೆ ಮುಂದೆಯೂ ಬರುತ್ತದಲ್ಲವೇ? (ಕೊಪ್ಪಳ)

ಬೆಳೆಯುತ್ತಾನೆಂದು ದೊಡ್ಡದು ಹೊಲಿಸಲು ಇದು ಶಾಲೆಯ ಯೂನಿಫಾರ್ಮ್ ಅಲ್ಲ. ಹುಡುಗ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ರಾಕೆಟ್ ತುದಿ ನೆಲಕ್ಕೆ ತಾಗಿದರೆ ಅದೇ ಅಳತೆ. 23 ಅಥವಾ 25 ಇಂಚು.

ಅಲ್ಯೂಮಿನಿಯಂ ರಾಕೆಟ್ ಅಗ್ಗಕ್ಕೆ ಸಿಗುತ್ತಿದೆ, ಕೊಳ್ಳಲೇ? (ರಾಯಚೂರು)

ಮನೆ ಮುಂದೆ ಆಡಲು ಸಾಕು. ಕೋರ್ಟಿಗೆ ಬೇಡ.

ಸೆಕೆಂಡ್‌ಹ್ಯಾಂಡ್ ಗ್ರಾಫೈಟ್ ಪರವಾಗಿಲ್ಲವೇ? (ಸಿಂಧನೂರು)

ಪರವಾಗಿಲ್ಲ. ಅಗ್ಗದ ಹೊಸದಕ್ಕಿಂತ ಮೇಲು. ಕೊಳ್ಳುವಾಗ ತಲೆಯ ಮೇಲ್ತುದಿ ಮತ್ತು ಕತ್ತಿನ ಹತ್ತಿರ ಉಗುರಿನಿಂದ ಗೀರಿ ನೋಡಿ. ಬಣ್ಣ ಎದ್ದಿದ್ದರೆ ಚಿಂತೆಯಿಲ್ಲ. ಉಗುರು ಸಂದಿಯಲ್ಲಿ ಸಿಕ್ಕಿಕೊಂಡರೆ ಬಿರುಕು, ಎಷ್ಟು ಅಗ್ಗವಾದರೂ ಬೇಡ.