ಪಾಠ ಪುಕ್ಕಟೆ, ಪರೀಕ್ಷೆಗೆ ದಾರಿ ಯಾವುದು?

ಆನ್‌ಲೈನ್‌ನಲ್ಲಿ ಉಚಿತವಾಗಿ ಕಲಿಯುವುದರ ಬಗ್ಗೆ ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರಗಳು.

ಪ್ರಶ್ನೆ: ನಮ್ಮದು ಸುರಪುರ ತಾಲ್ಲೂಕಿನ ತಾಂಡಾ ರೀ. ದೀಪಾವಳಿ ಆದ ಮ್ಯಾಲ ಮನಿಮಂದಿ ಎಲ್ಲಾ ಪುಣೆಗೆ ಗುಳೆ ಹೋಗ್ತೀವಿ, ಯುಗಾದಿಗೆ ವಾಪಸ್ ಬರ್ತೀವಿ. ತಂಗಿಗೆ 17 ವರ್ಷ, ಒಂಬತ್ತನೇ ಇಯತ್ತೆಗೆ ಸಾಲಿ ಬಿಟ್ಟಾಳ. ಮೊಬೈಲ್‌ನ್ಯಾಗ ಪುಕ್ಕಟೆ ಪಾಠ ನೋಡಿ ಹತ್ತನೇದು ಪಾಸಾಗಬಹುದೇನ್ರಿ?

ಉತ್ತರ: ಖಂಡಿತ ಆಗಬಹುದು. ಆದರೆ ಪಾಠ ನೋಡುವುದು ಬೇರೆ, ಅಂಕಪಟ್ಟಿ ಸಿಗುವುದು ಬೇರೆ. ಯಾವ ಆ್ಯಪ್ ಕೂಡ ಹತ್ತನೇ ತರಗತಿಯ ಅಂಕಪಟ್ಟಿ ಕೊಡುವುದಿಲ್ಲ. ಆದ್ದರಿಂದ ಮೊದಲು ಪರೀಕ್ಷೆಯ ದಾರಿ ಗೊತ್ತು ಮಾಡಿಕೊಳ್ಳಿ, ಪಾಠ ಆಮೇಲೆ.

ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಯುವುದು ಒಂದು ದಾರಿ, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಅಂದರೆ ಎನ್‌ಐಒಎಸ್ ಇನ್ನೊಂದು. ಗುಳೆ ಹೋಗುವ ಮನೆಗೆ ಎರಡನೆಯದೇ ವಾಸಿ ಎಂಬುದು ನಮ್ಮ ಅಭಿಪ್ರಾಯ. ಐದು ವಿಷಯ ಪಾಸಾದರೆ ಸಾಕು. ಒಮ್ಮೆ ನೋಂದಣಿಯಾದರೆ ಐದು ವರ್ಷ ನಡೆಯುತ್ತದೆ, ಅಷ್ಟರಲ್ಲಿ ಒಂಬತ್ತು ಸಲ ಪರೀಕ್ಷೆಗೆ ಕೂರುವ ಅವಕಾಶವಿದೆ. ಈ ವರ್ಷ ಎರಡು ವಿಷಯ, ಬರುವ ವರ್ಷ ಮೂರು ಎಂದು ಹಂಚಿಕೊಂಡು ಬರೆಯಬಹುದು. ಪಾಸಾಗಲು ನೂರಕ್ಕೆ 33 ಅಂಕ ಬೇಕು. ಹತ್ತನೇ ತರಗತಿಗೆ ಸೇರಲು 14 ವರ್ಷ ತುಂಬಿರಬೇಕು ಅಷ್ಟೇ, ಒಂಬತ್ತನೇದು ಮುಗಿಸಿರಬೇಕೆಂದಿಲ್ಲ.

ವಿಷಯ ಆರಿಸುವಾಗಲೇ ಎಷ್ಟೋ ಮಕ್ಕಳು ಎಡವುತ್ತಾರೆ. ವಿಜ್ಞಾನ, ಗೃಹವಿಜ್ಞಾನ, ಚಿತ್ರಕಲೆ, ಡೇಟಾ ಎಂಟ್ರಿ ಇವಕ್ಕೆಲ್ಲ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಅದಕ್ಕೆ ಎನ್‌ಐಒಎಸ್‌ನ ಅಧ್ಯಯನ ಕೇಂದ್ರಕ್ಕೆ ಹೋಗಲೇಬೇಕು, ಆ ದಿನ ಮಗು ಪುಣೆಯಲ್ಲಿದ್ದರೆ ಆ ವಿಷಯ ಉಳಿದುಬಿಡುತ್ತದೆ. ಸಮಾಜ ವಿಜ್ಞಾನ, ಅರ್ಥಶಾಸ್ತ್ರ, ಬಿಸಿನೆಸ್ ಸ್ಟಡೀಸ್‌ಗೆ ಈ ತೊಂದರೆಯಿಲ್ಲ. ಆದರೆ ನರ್ಸಿಂಗ್ ಅಥವಾ ಪಾಲಿಟೆಕ್ನಿಕ್ ಆಸೆ ಇದ್ದರೆ ಗಣಿತ, ವಿಜ್ಞಾನ ಬಿಡಬೇಡಿ. ಹಳ್ಳಿಯಲ್ಲಿ ಒಂದು ತಿಂಗಳು ಹೆಚ್ಚು ನಿಂತಾದರೂ ಅವನ್ನು ಮುಗಿಸಲಿ. ಭಾಷೆಗೆ ಕನ್ನಡ ತೆಗೆದುಕೊಳ್ಳಬಹುದು, ಅದರ ವಿಷಯ ಸಂಖ್ಯೆ 208. ಉಳಿದ ವಿಷಯಗಳ ಪುಸ್ತಕ ಯಾವ ಮಾಧ್ಯಮದಲ್ಲಿ ಬರುತ್ತದೆ ಎಂಬುದನ್ನು ಹಣ ಕಟ್ಟುವ ಮೊದಲೇ ಕೇಂದ್ರದಲ್ಲಿ ಕೇಳಿ. ಕನ್ನಡದಲ್ಲೇ ಓದಿದ ಮಗುವಿನ ಕೈಗೆ ಇಂಗ್ಲಿಷ್ ಪುಸ್ತಕ ಬಂದರೆ ಅದು ಓದನ್ನು ಅಲ್ಲಿಗೇ ಬಿಟ್ಟುಬಿಡುತ್ತದೆ.

ಪರೀಕ್ಷೆ ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್ ಎರಡೂ ಹೊತ್ತು ನಡೆಯುತ್ತದೆ. ಯುಗಾದಿಗೆ ವಾಪಸಾಗುವ ನಿಮಗೆ ಏಪ್ರಿಲ್‌ನದೇ ಅನುಕೂಲ. ಪ್ರವೇಶ ಶುಲ್ಕ ಬೇರೆ, ಪರೀಕ್ಷಾ ಶುಲ್ಕ ಬೇರೆ. ಪ್ರವೇಶ ಸಿಕ್ಕಿತು, ಎಲ್ಲ ಮುಗಿಯಿತು ಎಂದುಕೊಂಡು ಪರೀಕ್ಷಾ ಶುಲ್ಕ ಕಟ್ಟದೆ ಉಳಿದವರು ಬಹಳ. ಅದನ್ನು ಪರೀಕ್ಷೆಗೆ ತಿಂಗಳುಗಟ್ಟಲೆ ಮುಂಚೆ, ಅಂದರೆ ನೀವು ಪುಣೆಯಲ್ಲಿರುವಾಗಲೇ ಕಟ್ಟಬೇಕಾಗುತ್ತದೆ. ಕೊನೆಯ ದಿನಾಂಕವನ್ನು ಅಲ್ಲಿನ ಗೋಡೆಯ ಮೇಲೆ ಬರೆದಿಡಿ. ಹುಡುಗಿಯರಿಗೂ ಪರಿಶಿಷ್ಟ ಜಾತಿಯವರಿಗೂ ಪ್ರವೇಶ ಶುಲ್ಕ ಕಡಿಮೆ. ಜಾತಿ ಪ್ರಮಾಣಪತ್ರವನ್ನು ಅರ್ಜಿಯ ಜೊತೆಗೇ ಹಚ್ಚಿ.

ಮನೆಯಲ್ಲಿ ಬರೆದು ಒಪ್ಪಿಸುವ ಅಸೈನ್‌ಮೆಂಟ್‌ಗೆ ನೂರಕ್ಕೆ 20ರ ಲೆಕ್ಕದಲ್ಲಿ ಅಂಕ ಇದೆ. ಪುಸ್ತಕ ನೋಡಿ ಬರೆಯುವಂಥದ್ದು, ಬಿಡಬೇಡಿ.

ಅರ್ಜಿ ನಿಲ್ಲುವುದು ಮಾತ್ರ ಹೆಚ್ಚಾಗಿ ಆಧಾರ್ ಕಾರಣಕ್ಕೆ. ಶಾಲೆಯ ಟಿ.ಸಿ.ಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಕಾಗುಣಿತ. ಒಟಿಪಿ ಹೋಗುವುದು ಎಂದೋ ಬಂದ್ ಆದ ನಂಬರಿಗೆ. ಊರಿಗೆ ಬಂದ ಮೊದಲ ವಾರವೇ ಆಧಾರ್ ಕೇಂದ್ರಕ್ಕೆ ಹೋಗಿ, ಸದ್ಯ ನಡೆಯುವ ನಂಬರ್ ಸೇರಿಸಿಸಿ.

ಪಾಠಕ್ಕೆ ಸರ್ಕಾರದ ದೀಕ್ಷಾ ಆ್ಯಪ್ ಸಾಕು. ಪಠ್ಯಪುಸ್ತಕದ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ. ಕೋಡ್ ಹರಿದಿದ್ದರೆ ಅದರ ಕೆಳಗಿನ ಆರು ಅಕ್ಷರ ಟೈಪ್ ಮಾಡಿದರೂ ಪಾಠ ತೆರೆಯುತ್ತದೆ. ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ನೆಟ್ ಇಲ್ಲದೆ ನೋಡಬಹುದು. ವಿಡಿಯೊ ಗುಣಮಟ್ಟ ಕಡಿಮೆಯಾದಷ್ಟೂ ಡೇಟಾ ಉಳಿಯುತ್ತದೆ. 480ಪಿ ಎಂಬ ಸಾಧಾರಣ ಗುಣಮಟ್ಟದಲ್ಲಿ ಹತ್ತು ನಿಮಿಷದ ವಿಡಿಯೊಗೆ ಹೆಚ್ಚುಕಡಿಮೆ 40–50 ಎಂಬಿ.

ಪ್ರಶ್ನೆ: ಗುರುಮಠಕಲ್ ಹತ್ತಿರದ ನಮ್ಮ ಊರಲ್ಲಿ ನೆಟ್‌ವರ್ಕ್ ಇಲ್ಲವೆಂದರೂ ನಡೆಯುತ್ತದೆ. ಸಂಘದವರು ಸೇರಿ ಸಮುದಾಯ ಭವನದಲ್ಲಿ ಕಲಿಕಾ ಕೋಣೆ ಮಾಡಬೇಕೆಂದಿದ್ದೇವೆ. ಇಂಟರ್ನೆಟ್ ಇಲ್ಲದೆ ಸಾಧ್ಯವೇ?

ಉತ್ತರ: ಸಾಧ್ಯ. ಜಗತ್ತಿನ ಎಷ್ಟೋ ನಿರಾಶ್ರಿತರ ಶಿಬಿರಗಳಲ್ಲಿ ಪಾಠ ನಡೆಯುವುದೇ ಹೀಗೆ. ಕೋಲಿಬ್ರಿ ಎಂಬ ಉಚಿತ ತಂತ್ರಾಂಶವನ್ನು ಪುಟ್ಟದೊಂದು ಕಂಪ್ಯೂಟರಿಗೆ ಹಾಕಿ, ಪಾಠಗಳನ್ನು ಒಮ್ಮೆ ತುಂಬಿಸಿಟ್ಟರೆ ಸುತ್ತಲಿನ ಫೋನುಗಳಲ್ಲಿ ವೈಫೈ ಮೂಲಕ ತೆರೆದು ಓದಬಹುದು. ಇಂಟರ್ನೆಟ್ ಬೇಕಾಗುವುದು ತುಂಬಿಸುವಾಗ ಮಾತ್ರ. ಆ ಕೆಲಸವನ್ನು ಯಾದಗಿರಿಯಲ್ಲೋ ಕಲಬುರಗಿಯಲ್ಲೋ ಒಳ್ಳೆಯ ನೆಟ್ ಇರುವ ಕಡೆ ಕೂತು ಮುಗಿಸಿ ತನ್ನಿ.

ಬೇಕಾಗುವ ಸಾಮಾನು: 4 ಜಿಬಿಯ ರಾಸ್ಪ್‌ಬೆರಿ ಪೈ 4 (ಮೇಲೆ ಹೇಳಿದ ಪುಟ್ಟ ಕಂಪ್ಯೂಟರ್) ಒಂದು, ಅದರದೇ 5 ವೋಲ್ಟ್ 3 ಆಂಪಿಯರ್ ಅಡಾಪ್ಟರ್, 128 ಜಿಬಿ ಮೆಮೊರಿ ಕಾರ್ಡ್, ಫ್ಯಾನ್ ಇರುವ ಡಬ್ಬಿ, ಒಂದು ಸಾಧಾರಣ ವೈಫೈ ರೂಟರ್, ಕರೆಂಟ್ ಹೋದಾಗ ರೂಟರ್ ನಡೆಸಲು ಮಿನಿ ಯುಪಿಎಸ್, ಪೈಗೆ 20,000 ಎಂಎಎಚ್ ಪವರ್ ಬ್ಯಾಂಕ್. ಹಳೆಯ ಲ್ಯಾಪ್‌ಟಾಪ್ ಇದ್ದರೆ ಪೈ ಕೊಳ್ಳುವ ಅಗತ್ಯವೇ ಇಲ್ಲ, ಅದರ ಬ್ಯಾಟರಿಯೇ ಯುಪಿಎಸ್ ಆಗುತ್ತದೆ. ನಮ್ಮ ಮೊದಲ ಸಲಹೆಯೂ ಅದೇ.

ಪೈ ಒಳಗಿನ ವೈಫೈಯನ್ನೇ ನೆಚ್ಚಿಕೊಂಡರೆ ಹತ್ತು ಫೋನ್ ದಾಟುವಷ್ಟರಲ್ಲಿ ವಿಡಿಯೊ ಸಿಕ್ಕಿಕೊಳ್ಳುತ್ತದೆ, ರೂಟರ್ ಬೇರೆ ಇಡುವುದು ಅದಕ್ಕೇ. ರೂಟರ್‌ನಲ್ಲಿ ಪೈಗೆ ಕಾಯಂ ಐಪಿ ವಿಳಾಸ, ಅಂದರೆ ಪಾಠ ತೆರೆಯಲು ಫೋನಿನ ಬ್ರೌಸರಿನಲ್ಲಿ ಟೈಪ್ ಮಾಡುವ ಅಂಕಿಗಳ ವಿಳಾಸ, ಕೊಡಿ. ಕೊಡದಿದ್ದರೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ವಿಳಾಸ ಬದಲಾಗಬಹುದು, ನಿನ್ನೆ ತೆರೆದ ಪುಟ ಇಂದು ಸಿಗುವುದಿಲ್ಲ. ಆ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಗೋಡೆಗೆ ಹಚ್ಚಿ. ಮಕ್ಕಳ ಫೋನಿನಲ್ಲಿ ಮೊಬೈಲ್ ಡೇಟಾ ಬಂದ್ ಮಾಡಿಸಿ. ವೈಫೈಯಲ್ಲಿ ಇಂಟರ್ನೆಟ್ ಇಲ್ಲವೆಂದು ಕಂಡ ಕೂಡಲೇ ಎಷ್ಟೋ ಆಂಡ್ರಾಯ್ಡ್ ಫೋನುಗಳು ತಾವಾಗಿಯೇ ಡೇಟಾಗೆ ಹಾರುತ್ತವೆ, ಪಾಠ ಅಲ್ಲಿಗೇ ನಿಲ್ಲುತ್ತದೆ.

ಪವರ್ ಬ್ಯಾಂಕ್ ತಾನು ಚಾರ್ಜ್ ಆಗುತ್ತಲೇ ಪೈಗೂ ಕರೆಂಟ್ ಕೊಡುವಂಥದ್ದು ಇರಬೇಕು. ಅಂಗಡಿಯಲ್ಲೇ ಪ್ಲಗ್ ಕಿತ್ತು ನೋಡಿ, ಪೈ ರೀಸ್ಟಾರ್ಟ್ ಆದರೆ ಬೇಡ. ಪೈ ಕಾರ್ಡಿಗೆ ಮಾಹಿತಿ ಬರೆಯುತ್ತಿರುವಾಗ ಕರೆಂಟ್ ತಪ್ಪಿದರೆ ಕಾರ್ಡ್ ಕೆಡಬಹುದು. ಎಲ್ಲ ತುಂಬಿದ ಮೇಲೆ ಅದೇ ಕಾರ್ಡಿನ ಇನ್ನೊಂದು ಪ್ರತಿ ಮಾಡಿ ಬೀರುವಿನಲ್ಲಿಡಿ. ನಮ್ಮ ಏಪ್ರಿಲ್–ಮೇ ಬಿಸಿಲಿಗೆ ತಗಡಿನ ಕೆಳಗಿನ ಕೋಣೆ ಬೇಡವೇ ಬೇಡ. ಚಿಪ್ 80 ಡಿಗ್ರಿ ದಾಟಿದರೆ ಪೈ ತಾನೇ ವೇಗ ಇಳಿಸಿಕೊಳ್ಳುತ್ತದೆ. ಕಿರಿಯ ಮಕ್ಕಳಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದ ಕಥೆಗಳನ್ನು ತುಂಬಿಸಿ, ಕನ್ನಡದಲ್ಲಿ ಬಹಳಷ್ಟಿವೆ.

ಇಷ್ಟೆಲ್ಲ ಮಾಡಿ ಕೋಣೆಗೆ ಒಬ್ಬ ಮನುಷ್ಯನನ್ನು ಕೂರಿಸದಿದ್ದರೆ ಎರಡು ತಿಂಗಳಲ್ಲಿ ಬೀಗ ಬೀಳುತ್ತದೆ. ಅಮೆರಿಕದ ಎಂಐಟಿ, ಹಾರ್ವರ್ಡ್ ವಿಶ್ವವಿದ್ಯಾಲಯಗಳ ಉಚಿತ ಆನ್‌ಲೈನ್ ಕೋರ್ಸುಗಳ ಬಗ್ಗೆ 2019ರಲ್ಲಿ ಬಂದ ಅಧ್ಯಯನದ ಪ್ರಕಾರ ಸೇರಿದ ನೂರು ಜನರಲ್ಲಿ ಮುಗಿಸಿದವರು ಮೂವರ ಆಸುಪಾಸು. ಕೀನ್ಯಾದ ಕಾಕುಮಾ, ಮಲಾವಿಯ ಡ್ಜಾಲೆಕಾ ನಿರಾಶ್ರಿತರ ಶಿಬಿರಗಳಲ್ಲಿ 2010ರಿಂದ ಜೆಸ್ಯೂಟ್ ಪಾದ್ರಿಗಳ ಸಂಸ್ಥೆ ಆನ್‌ಲೈನ್ ತರಗತಿ ನಡೆಸುತ್ತಾ ಬಂದಿದೆ. ಅಲ್ಲಿ ದೂರದ ಪ್ರಾಧ್ಯಾಪಕರ ಜೊತೆಗೆ ಶಿಬಿರದಲ್ಲೇ ಒಂದು ಕೋಣೆ, ಒಬ್ಬ ಸಂಯೋಜಕ ಇರುತ್ತಾರೆ. ಸಂಘದ ದುಡ್ಡು ಸಣ್ಣದಾದರೆ ಪೈ ಬಿಟ್ಟು, ಡಿಗ್ರಿ ಮುಗಿಸಿದ ಊರಿನ ಹುಡುಗಿಯೊಬ್ಬಳಿಗೆ ಸಂಜೆ ಎರಡು ಗಂಟೆಯ ಸಂಬಳ ಕೊಡಿ. ಯಾರು ಬಂದರು, ಯಾರು ಬರಲಿಲ್ಲ ಎಂದು ಬರೆದು, ಬಾರದವರ ಮನೆಗೆ ಹೋಗಿ ಕೇಳುವುದು ಆಕೆಯ ಮುಖ್ಯ ಕೆಲಸವಾಗಿರಲಿ.

ಪ್ರಶ್ನೆ: ಕಲಬುರಗಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಸ್ವಯಂ ಕೋರ್ಸ್ ಉಚಿತ ಅನ್ನುತ್ತಾರೆ, ಪ್ರಮಾಣಪತ್ರಕ್ಕೆ ಮಾತ್ರ ಹಣ ಕೇಳುತ್ತಿದೆ. ಇದು ಸರಿಯೇ?

ಉತ್ತರ: ಸರಿಯೇ. ಸ್ವಯಂ ಎಂಬುದು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ಜಾಲತಾಣ. ಅಲ್ಲಿ ಪಾಠ, ಅಸೈನ್‌ಮೆಂಟ್ ಉಚಿತ, ಪರೀಕ್ಷೆಗೆ ಶುಲ್ಕ. ಕೋರ್ಸಿಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಸೇರಿದಂತಲ್ಲ, ಅದಕ್ಕೆ ಬೇರೆ ನೋಂದಣಿಯಿದೆ. ಸ್ವಯಂನಲ್ಲಿ ಐಐಟಿಗಳು ನಡೆಸುವ ಎನ್‌ಪಿಟಿಇಎಲ್‌ನ 12 ವಾರದ ಕೋರ್ಸಿನಲ್ಲಿ ಚೆನ್ನಾಗಿ ಬಂದ 8 ಅಸೈನ್‌ಮೆಂಟ್‌ಗಳಿಂದ 25 ಅಂಕ, ಪರೀಕ್ಷೆಗೆ 75. ಪ್ರಮಾಣಪತ್ರಕ್ಕೆ 25ರಲ್ಲಿ 10, 75ರಲ್ಲಿ 30 ಎರಡೂ ಬರಬೇಕು. ಡಿಗ್ರಿಯ ಕ್ರೆಡಿಟ್ ಆಗಬೇಕಿದ್ದರೆ ಕೋರ್ಸ್ ಶುರುವಾಗುವ ಮೊದಲೇ ಕಾಲೇಜಿನಿಂದ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ 40 ಶೇಕಡಾವರೆಗೆ ಹೀಗೆ ಓದಲು ಯುಜಿಸಿ ನಿಯಮ ಅವಕಾಶ ಕೊಡುತ್ತದೆ, ಆದರೆ ಯಾವ ಕೋರ್ಸ್ ಎಂಬುದು ವಿಶ್ವವಿದ್ಯಾಲಯ ಒಪ್ಪಿದ್ದಾಗಿರಬೇಕು.

ಪ್ರಶ್ನೆ: ಚಳಿಗಾಲದಲ್ಲಿ ಬೀದರಿಗೆ ಸ್ವೆಟರ್ ಮಾರಲು ಬರುವ ಮುಂಡಗೋಡದ ಟಿಬೆಟನ್ ಕುಟುಂಬದ ಹುಡುಗ ಪಿಯುಸಿ ಮುಗಿಸಿದ್ದಾನೆ. ನಿರಾಶ್ರಿತರಿಗೆ ಉಚಿತ ವಿದೇಶಿ ಆನ್‌ಲೈನ್ ಡಿಗ್ರಿ ಇದೆ ಎಂದು ಕೇಳಿದ್ದಾನೆ. ಸೇರಬಹುದೇ?

ಉತ್ತರ: ಅವನು ಕೇಳಿರುವುದು ಬಹುಶಃ 2009ರಲ್ಲಿ ಶುರುವಾದ ಅಮೆರಿಕದ ಯೂನಿವರ್ಸಿಟಿ ಆಫ್ ದಿ ಪೀಪಲ್ ಬಗ್ಗೆ. ಬೋಧನಾ ಶುಲ್ಕವಿಲ್ಲ, ಆದರೆ ಅರ್ಜಿಗೂ ಪ್ರತಿ ಕೋರ್ಸಿನ ಮೌಲ್ಯಮಾಪನಕ್ಕೂ ಶುಲ್ಕವಿದೆ. ನಿರಾಶ್ರಿತರು ಅದಕ್ಕೆ ವಿದ್ಯಾರ್ಥಿವೇತನ ಕೇಳಬಹುದು, ಸೇರುವ ಮೊದಲೇ ಕೇಳಬೇಕು. ಪಾಠ ಇಂಗ್ಲಿಷಿನಲ್ಲಿ. ಹೊರದೇಶದಲ್ಲಿ ಓದುವ, ದುಡಿಯುವ ಯೋಚನೆಯಿದ್ದರೆ ನೋಡಲಿ. ಭಾರತದಲ್ಲೇ ಎಂ.ಎ. ಅಥವಾ ನೌಕರಿ ಗುರಿಯಾದರೆ ಇಲ್ಲಿನ ಡಿಗ್ರಿಗೆ ಸಮಾನವೆಂಬ ಮಾನ್ಯತೆ ಅದಕ್ಕೆ ಸಿಗುತ್ತದೆಯೇ ಎಂಬುದು ದೊಡ್ಡ ತೊಡಕು. ಆಗ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಡಿಗ್ರಿಯೇ ಮೇಲು. ಟಿಬೆಟನ್ನರಿಗೆ ಸರ್ಕಾರ ಕೊಡುವ ನೋಂದಣಿ ಪತ್ರ, ಅಂದರೆ ಅವರು ಆರ್‌ಸಿ ಎನ್ನುವುದು, ನವೀಕರಣವಾಗಿದೆಯೇ ಎಂದು ಮೊದಲು ನೋಡಿಕೊಳ್ಳಲಿ.

ಪ್ರಶ್ನೆ: ಬಸವಕಲ್ಯಾಣದಲ್ಲಿ ಒಬ್ಬರು ಪರೀಕ್ಷೆ ಬರೆಯದೆಯೇ ಹತ್ತನೇದು ಪಾಸ್ ಮಾಡಿಸಿಕೊಡುತ್ತೇವೆ ಎಂದು ದುಡ್ಡು ಕೇಳುತ್ತಿದ್ದಾರೆ.

ಉತ್ತರ: ಕೊಡಬೇಡಿ. ಅಂಥ ದಾರಿ ಯಾವ ಮಂಡಳಿಯಲ್ಲೂ ಇಲ್ಲ. ನಕಲಿ ಅಂಕಪಟ್ಟಿ ನೌಕರಿಯ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಮೊಕದ್ದಮೆ ಆಗುವುದು ಮಗುವಿನ ಮೇಲೆ. ಶುಲ್ಕವನ್ನು ಸಂಸ್ಥೆಯ ಅಧಿಕೃತ ಜಾಲತಾಣದಲ್ಲೇ ಕಟ್ಟಿ ರಸೀದಿ ಇಳಿಸಿಕೊಳ್ಳಿ. ಮೂಲ ಟಿ.ಸಿ., ಮೂಲ ಆಧಾರ್ ಯಾರ ಕೈಗೂ ಕೊಟ್ಟು ಬರಬೇಡಿ. ಈಗಾಗಲೇ ಕೊಟ್ಟಿದ್ದರೆ ನಾಳೆಯೇ ಹೋಗಿ ವಾಪಸ್ ಕೇಳಿ, ಕೊಡದಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಬರೆಸಿ.