ದೃಢೀಕರಣ ಆದ ಮೇಲೆ ಮಕ್ಕಳು ಚರ್ಚಿನ ಸಭೆಗೆ ಬರುವುದನ್ನೇ ಬಿಡುತ್ತಾರೆ, ಏನು ಮಾಡಬೇಕು?

ಸಂಡೇ ಸ್ಕೂಲ್ ತುಂಬಿರುತ್ತದೆ, ದೃಢೀಕರಣ (ಬೆಳೆದ ಮಕ್ಕಳು ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಒಪ್ಪಿಕೊಳ್ಳುವ ವಿಧಿ) ಆದ ವರ್ಷವೇ ಮಕ್ಕಳು ಕಾಣೆಯಾಗುತ್ತಾರೆ, ಯುವಜನರ ಕೂಟಕ್ಕೆ ಗಿಟಾರು, ಪ್ರೊಜೆಕ್ಟರ್ ತಂದರೆ ಉಳಿದುಕೊಳ್ತಾರಾ ಎಂದು ಕೇಳಿದ್ದೀರಿ. ನಾನು ಹದಿನಾಲ್ಕು ವರ್ಷ ಸಂಡೇ ಸ್ಕೂಲಿನಲ್ಲಿ ಕಲಿಸಿದ್ದೇನೆ. ಗಿಟಾರು ತನ್ನಿ, ತಪ್ಪೇನಿಲ್ಲ. ಆದರೆ ನಾನು ನೋಡಿದ ಹಾಗೆ, ತಮ್ಮನ್ನು ಹೆಸರು ಹಿಡಿದು ಮಾತಾಡಿಸುವ ನಾಲ್ಕು ಜನ ದೊಡ್ಡವರು ಇದ್ದ ಕಡೆ ಮಕ್ಕಳು ಉಳಿಯುತ್ತಾರೆ.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ನನ್ನ ತರಗತಿಯ ಹುಡುಗನೊಬ್ಬ ಆರು ವಾರ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಆರು ಸಲವೂ ಗುರುತು ಹಾಕಿದ್ದು ನಾನೇ. ಒಮ್ಮೆಯೂ ಮನೆಗೆ ಹೋಗಲಿಲ್ಲ. ಅವನ ತಂದೆಯ ಕೆಲಸ ಹೋಗಿತ್ತು, ಮನೆಯಲ್ಲಿ ದಿನವೂ ಜಗಳ. "ಯಾರಾದ್ರೂ ಕೇಳ್ತಾರೇನೋ ಅಂತ ಕಾಯ್ತಿದ್ದ" ಎಂದು ಅವನ ತಾಯಿ ಆಮೇಲೆ ಹೇಳಿದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಶಿಶು ದೀಕ್ಷಾಸ್ನಾನ (ಬ್ಯಾಪ್ಟಿಸಂ) ಕೊಡುವ ಎಷ್ಟೋ ಸಭೆಗಳಲ್ಲಿ, ಈ ಮಗುವನ್ನು ನಂಬಿಕೆಯಲ್ಲಿ ಬೆಳೆಸಲು ನೆರವಾಗುತ್ತೇವೆ ಎಂದು ಇಡೀ ಸಭೆ ಎದ್ದು ನಿಂತು ಮಾತು ಕೊಡುತ್ತದೆ. ಆಮೇಲೆ ಆ ಮಾತನ್ನು ಒಬ್ಬಿಬ್ಬರು ಟೀಚರ್‌ಗಳ ತಲೆಗೆ ಕಟ್ಟಿ ಉಳಿದವರು ಸುಮ್ನಾಗುತ್ತೇವೆ, ಅಲ್ವಾ? ಆ ಹುಡುಗನ ಘಟನೆಯ ನಂತರ ನಾವು ಪ್ರತಿ ಮಗುವಿಗೂ ಅಪ್ಪ ಅಮ್ಮ, ಟೀಚರ್ ಬಿಟ್ಟು ಬೇರೆ ಇಬ್ಬರು ಹಿರಿಯರನ್ನು ಗೊತ್ತುಮಾಡಿದೆವು. ಪರೀಕ್ಷೆ ಯಾವಾಗ, ಅಜ್ಜಿಯ ಆರೋಗ್ಯ ಹೇಗಿದೆ ಎಂದು ಅವರಿಗೆ ಗೊತ್ತಿರಬೇಕು, ಅದಕ್ಕಾಗಿ ಪ್ರಾರ್ಥಿಸಬೇಕು. ಅಷ್ಟೇ ಕೆಲಸ. ಬೈಬಲಿನ ಬಾಲಕ ಸಮುವೇಲನ ಕಥೆ ನೆನಪಿಸಿಕೊಳ್ಳಿ. ದೇವರು ಕರೆದಾಗ ಅವನಿಗೆ ಅದು ಮುದುಕ ಯಾಜಕ ಏಲಿಯ ದನಿಯ ಹಾಗೇ ಕೇಳಿಸಿತು. ಮೂರು ಸಲ ಓಡಿ ಬಂದ, ಏಲಿ ಗದರಲಿಲ್ಲ. ಓಡಿ ಹೋಗಲು ಅಂಥ ಒಬ್ಬರು ಇರಬೇಕು.

ದೊಡ್ಡ ಹುಡುಗರಿಗೆ ನಿಜವಾದ ಕೆಲಸ ಕೊಡಿ. ಮಕ್ಕಳ ಭಾನುವಾರದಂದು ವರ್ಷಕ್ಕೊಮ್ಮೆ ವೇದಿಕೆ ಹತ್ತಿಸಿ ಚಪ್ಪಾಳೆ ತಟ್ಟಿದರೆ ಸಾಲದು. ವೇದಪಾಠ (ಬೈಬಲ್ ಭಾಗ) ಓದಲಿ, ಮೈಕ್ ನೋಡಿಕೊಳ್ಳಲಿ, ಸಭೆಯ ಲೆಕ್ಕ ಕಲಿಯಲಿ. ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿಸಬೇಡಿ. ಹನ್ನೆರಡರ ವಯಸ್ಸಿನಲ್ಲಿ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕೂತು ಪ್ರಶ್ನೆ ಕೇಳಿದ್ದನ್ನು ಲೂಕ ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ. ಆ ಬೋಧಕರು ಅವನಿಗೆ ಜಾಗ ಬಿಟ್ಟಿದ್ದರು.

ನೀವು ಕೇಳದೇ ಇದ್ದರೂ ಒಂದು ವಿಷಯ ಹೇಳಲೇಬೇಕು. ಮಕ್ಕಳ ಸುರಕ್ಷತೆಗೆ ಬರೆದಿಟ್ಟ ನಿಯಮಗಳು ಬೇಕು. ಒಂದು ಮಗುವಿನ ಜೊತೆ ಒಬ್ಬರೇ ದೊಡ್ಡವರು ಮುಚ್ಚಿದ ಕೋಣೆಯಲ್ಲಿ ಇರಬಾರದು, ಯಾವಾಗಲೂ ಇಬ್ಬರಿರಬೇಕು. ತಂದೆತಾಯಿಗೆ ತಿಳಿಯದ ಹಾಗೆ ಖಾಸಗಿ ಮೆಸೇಜ್ ಕಳಿಸಬಾರದು. ಹೊಸಬರು ಉತ್ಸಾಹದಿಂದ ಬಂದ ಕೂಡಲೇ ತರಗತಿ ಒಪ್ಪಿಸದೆ ವಿಚಾರಿಸಿ, ಕೆಲವು ತಿಂಗಳು ಕಾಯಿರಿ. "ನಮ್ಮ ಸಭಾಪಾಲಕರ (ಪಾಸ್ಟರ್) ಮೇಲೇ ಅನುಮಾನವಾ?" ಎಂದು ಕೇಳುವವರು ಇದ್ದೇ ಇರುತ್ತಾರೆ. ನಿಯಮ ಸಭಾಪಾಲಕರಿಗೂ ಒಂದೇ, ನನಗೂ ಒಂದೇ. ಮಗು ಏನಾದರೂ ಹೇಳಿಕೊಂಡರೆ ಪೂರ್ತಿ ಕೇಳಿಸಿಕೊಳ್ಳಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ. ಹಿರಿಯರ ಸಮಿತಿಯಲ್ಲಿ ಒಳಗೊಳಗೇ ಮುಗಿಸಲು ನೋಡಬೇಡಿ, ಕಾನೂನಿನ ಪ್ರಕಾರ ತಿಳಿಸಬೇಕಾದವರಿಗೆ ತಿಳಿಸಿ. ಸಭೆಯ ಮಾನ ಉಳಿಸಲು ಮಗುವನ್ನು ಸುಮ್ಮನಾಗಿಸಿದ ಕಡೆಗಳಲ್ಲಿ ಎಷ್ಟು ಜೀವಗಳು ನೊಂದಿವೆ! ಚಿಕ್ಕವರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕುವುದೇ ಲೇಸು ಎಂಬ ಮಾತು ಯೇಸುವಿನದೇ.

ಅಂದಹಾಗೆ, ಇಂಗ್ಲೆಂಡಿನ ಗ್ಲೌಸ್ಟರ್‌ನಲ್ಲಿ 1780ರಲ್ಲಿ ರಾಬರ್ಟ್ ರೇಕ್ಸ್ ಸಂಡೇ ಸ್ಕೂಲ್ ಶುರು ಮಾಡಿದ್ದು ವಾರವಿಡೀ ದುಡಿಯುತ್ತಿದ್ದ ಬಡ ಮಕ್ಕಳಿಗೆ ಓದು ಕಲಿಸಲು. ಅವರಿಗೆ ಬಿಡುವಿದ್ದ ದಿನ ಅದೊಂದೇ. ನಿಮ್ಮ ಮಕ್ಕಳಿಗೆ ಈಗ ಏನು ಬೇಕಾಗಿದೆ ಎಂದು ಅವರನ್ನೇ ಕೂರಿಸಿ ಕೇಳಿ. ನಮ್ಮವರು ಕೇಳಿದ್ದು ಓದಿಕೊಳ್ಳಲು ಗಲಾಟೆ ಇಲ್ಲದ ಒಂದು ಕೋಣೆ.

ಓದಲು ದೂರ ಹೋಗುವವರನ್ನು ಕಳಿಸುವ ಮೊದಲು, ಅವರು ಹೋಗುವ ಊರಿನ ಸಭೆಗೆ ಒಂದು ಫೋನ್ ಮಾಡಿಡಿ. ರಜೆಗೆ ಬಂದಾಗ ಅವರು ಮೊದಲು ಮಾಡುತ್ತಿದ್ದ ಕೆಲಸವನ್ನೇ ಮತ್ತೆ ಕೈಗೆ ಕೊಡಿ.