ಗಂಟೆಗೆ ಐವತ್ತು ರೂಪಾಯಿಯ ಮದ್ದಳೆ

(ಮನೆಯವರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಸಲಹೆಗೆ ಬಂದದ್ದು ಮುಂಬೈನ ಮುಲುಂಡಿನ ಕುಟುಂಬ, ಮೂಲ ಕುಂದಾಪುರದ ಕಡೆ. ಅಪ್ಪನದು ಸಣ್ಣ ಹೋಟೆಲ್. 11 ವರ್ಷದ ಮಗ ಭಾನುವಾರದ ಯಕ್ಷಗಾನ ತರಗತಿಯಲ್ಲಿ ಮದ್ದಳೆ ಕಲಿಯುತ್ತಿದ್ದ. ಈಗ ಮುಟ್ಟುವುದೇ ಇಲ್ಲ. ಭಾನುವಾರ ಬೆಳಿಗ್ಗೆ ಆಯಿತೆಂದರೆ ಹೊಟ್ಟೆನೋವು. ಡಾಕ್ಟರು ನೋಡಿ ಏನೂ ಇಲ್ಲ ಎಂದಿದ್ದರು.

"ಸೋಮಾರಿ ಆಗಿದ್ದಾನೆ ಮೇಡಂ" ಎಂದರು ಅಪ್ಪ.

ಮಕ್ಕಳ ಬಗ್ಗೆ ಈ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಮೊದಲು ಹೇಗಿದ್ದ ಎಂದು ಕೇಳಿದೆ. ಅಮ್ಮನ ಮುಖ ಅರಳಿತು. ಟಿಫಿನ್ ಡಬ್ಬಿ, ಲೋಕಲ್ ಟ್ರೈನಿನ ಸೀಟು, ಕೈಗೆ ಸಿಕ್ಕಿದ್ದರ ಮೇಲೆಲ್ಲ ತಾಳ ಬಾರಿಸುತ್ತಿದ್ದನಂತೆ. ಹೋದ ವರ್ಷ ಅಪ್ಪ ಒಂದು ಏರ್ಪಾಡು ಮಾಡಿದರು. ಒಂದು ಗಂಟೆ ಅಭ್ಯಾಸಕ್ಕೆ 50 ರೂಪಾಯಿ, ಡೈರಿಯಲ್ಲಿ ಲೆಕ್ಕ. ಮೊದಲ ತಿಂಗಳು ಹುಡುಗ ಜಾಸ್ತಿಯೇ ಬಾರಿಸಿದ. ಆಮೇಲೆ ಗಡಿಯಾರ ನೋಡಿಕೊಂಡು ಬಾರಿಸಿದ. ಕೊನೆಗೆ ದುಡ್ಡೂ ಬೇಡ ಎಂದ.

ಅವನೊಬ್ಬನನ್ನೇ ಕೂರಿಸಿಕೊಂಡು ಮಾತಾಡಿಸಿದೆ. "ಮೊದಲು ಅದು ನಂದಾಗಿತ್ತು. ಈಗ ಅಪ್ಪನ ಕೆಲಸ" ಅಂದ.

1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಒಂದು ಶಿಶುವಿಹಾರದಲ್ಲಿ ಇದನ್ನೇ ನೋಡಿದ್ದರು. ಚಿತ್ರ ಬಿಡಿಸುವುದನ್ನು ಇಷ್ಟಪಡುವ ಮಕ್ಕಳಲ್ಲಿ ಕೆಲವರಿಗೆ "ಬಿಡಿಸಿದರೆ ಪ್ರಶಸ್ತಿಪತ್ರ ಕೊಡ್ತೀವಿ" ಎಂದು ಮೊದಲೇ ಹೇಳಿದರು. ಒಂದೆರಡು ವಾರದ ಮೇಲೆ, ಬಿಡುವಿನ ಹೊತ್ತಲ್ಲಿ ಆ ಮಕ್ಕಳು ಚಿತ್ರ ಬಿಡಿಸಿದ ಸಮಯ ಉಳಿದವರದ್ದರ ಅರ್ಧದಷ್ಟು. ಹೇಳದೆ ದಿಢೀರನೆ ಪ್ರಶಸ್ತಿ ಪಡೆದವರ ಆಸಕ್ತಿ ಮಾತ್ರ ಇಳಿಯಲಿಲ್ಲ. ಅಂದರೆ ಕೆಡಿಸಿದ್ದು ಬಹುಮಾನವಲ್ಲ, "ಮಾಡಿದರೆ ಕೊಡ್ತೀನಿ" ಎಂಬ ಕರಾರು.

ಡೆಸಿ ಮತ್ತು ರಯಾನ್ ಎಂಬ ಮನಶ್ಶಾಸ್ತ್ರಜ್ಞರು ಹೇಳುವ ಪ್ರಕಾರ ಒಳಗಿನ ಉತ್ಸಾಹ ಉಳಿಯಲು ಮೂರು ಬೇಕು: ಇದು ನನ್ನ ಇಷ್ಟ, ಇದು ನನಗೆ ಬರುತ್ತದೆ, ನನ್ನವರು ಜೊತೆಗಿದ್ದಾರೆ ಎಂಬ ಭಾವನೆ. ಈ ಮನೆಯಲ್ಲಿ ಮೊದಲನೆಯದೇ ಕೈತಪ್ಪಿತ್ತು.

ಅಪ್ಪನಿಗೆ ಇದನ್ನು ಒಪ್ಪುವುದು ಕಷ್ಟವಾಯಿತು. ಅವರು 14ನೇ ವಯಸ್ಸಿಗೆ ಮುಂಬೈಗೆ ಬಂದವರು. ಹಗಲೆಲ್ಲ ಟೇಬಲ್ ಒರೆಸಿ, ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು.

"ಆ ಶಾಲೆಗೆ ಹೋಗೋಕೆ ನಿಮಗೆ ಯಾರು ದುಡ್ಡು ಕೊಟ್ರು?" ಎಂದು ಕೇಳಿದೆ.

ತುಂಬಾ ಹೊತ್ತು ಸುಮ್ಮನಿದ್ದರು. "ಯಾರೂ ಇಲ್ಲ. ಅಲ್ಲಿ ಮೇಷ್ಟ್ರು ನನ್ನ ಹೆಸರು ಹಿಡಿದು ಕರೀತಿದ್ರು. ಹೋಟೆಲಲ್ಲಿ ಎಲ್ಲರೂ 'ಏ ಹುಡುಗ' ಅಂತಿದ್ರು" ಎಂದರು. ಕಣ್ಣು ತುಂಬಿತ್ತು. ಮಗನಿಗೆ ತನ್ನ ಕಷ್ಟ ಬರಬಾರದು ಎಂದೇ ಆ 50 ರೂಪಾಯಿ. ಅದರಲ್ಲಿದ್ದದ್ದು ಪ್ರೀತಿಯೇ.

ನಾನು ಕೊಟ್ಟ ಸಲಹೆ ಇಷ್ಟು. ಡೈರಿ ಮುಚ್ಚಿ. ಕೈಖರ್ಚಿನ ದುಡ್ಡು ತಿಂಗಳಿಗೊಮ್ಮೆ ಕೊಡಿ, ಮದ್ದಳೆಗೆ ಅದನ್ನು ಕಟ್ಟಬೇಡಿ. ತರಗತಿಗೆ ಹೋಗುವುದು ಬಿಡುವುದು ಅವನೇ ತೀರ್ಮಾನಿಸಲಿ, ಮದ್ದಳೆ ಕಣ್ಣಿಗೆ ಕಾಣುವ ಜಾಗದಲ್ಲಿರಲಿ. ಬಾರಿಸಿದ ದಿನ ಅಪ್ಪ ಫೋನ್ ಪಕ್ಕಕ್ಕಿಟ್ಟು ಕೂತು ಕೇಳಲಿ. ಎಷ್ಟು ಹೊತ್ತು ಎಂದು ಕೇಳಬೇಡಿ. "ಆ ಮುಕ್ತಾಯ ಚೆನ್ನಾಗಿತ್ತು" ಎಂದು ಕೇಳಿದ್ದನ್ನು ಹೇಳಿ, ಸಾಕು. ಹೊಟ್ಟೆನೋವನ್ನು ನಾಟಕ ಅನ್ನಬೇಡಿ. ಹೆದರಿಕೆಯಿಂದ ಬರುವ ನೋವೂ ನಿಜವಾದ ನೋವೇ.

ಏಳು ವಾರವಾಯಿತು. ಹೊಟ್ಟೆನೋವು ನಿಂತಿದೆ. ಹುಡುಗ ತರಗತಿಗೆ ಇನ್ನೂ ಹೋಗಿಲ್ಲ. ಮೊನ್ನೆ ಅಮ್ಮ ಫೋನ್ ಮಾಡಿದ್ದರು. ಅವಲಕ್ಕಿ ಡಬ್ಬಿಯ ಮೇಲೆ ತಾಳ ಕೇಳಿಸಿತಂತೆ. ಅಪ್ಪ ಅಡುಗೆಮನೆಯ ಬಾಗಿಲವರೆಗೆ ಬಂದು, ಏನೂ ಕೇಳದೆ ಅಲ್ಲೇ ನಿಂತರಂತೆ.